ಟಪಾಲು ಹೊತ್ತ ಪುಟ್ಟ ವಿಮಾನ: ಜೆ. ಆರ್. ಡಿ. ಟಾಟಾ ಅವರ ಜೀವನಚಿತ್ರ

ಪತ್ರದ ಬೆಲೆ ಅದರಲ್ಲಿ ಬರೆದ ಮಾತಿನಲ್ಲಿ ಎಷ್ಟಿದೆಯೋ ಅದು ಬಂದು ಮುಟ್ಟುವ ಹೊತ್ತಿನಲ್ಲಿಯೂ ಅಷ್ಟೇ ಇದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಮಾರಿಹೋದ ಮೇಲೆ ತಿಳಿದ ಧಾರಣೆ, ಮದುವೆ ಮುಗಿದ ಮೇಲೆ ಬಂದ ಲಗ್ನಪತ್ರಿಕೆ, ಎರಡೂ ಒಂದೇ. ಇಂದು ಸುದ್ದಿಯು ಕಣ್ಣೆವೆ ಇಕ್ಕುವುದರೊಳಗೆ ಊರೂರಿಗೆ ಮುಟ್ಟುತ್ತದೆ. ಆದರೆ ತೊಂಬತ್ತು ವರ್ಷಗಳ ಹಿಂದೆ ಹುಬ್ಬಳ್ಳಿ–ಹರಿಹರ ಹಾದಿಯ ಮೇಲಿನ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಿಗೆ ದೂರದ ಟಪಾಲು ಬರಬೇಕಾದರೆ ರೈಲೇ ಗತಿಯಾಗಿತ್ತು. ಅಂಥ ಕಾಲದಲ್ಲಿ, 1932ರ ಅಕ್ಟೋಬರ 15ರಂದು, ನಮ್ಮ ಊರುಗಳಿಂದ ಪೂರ್ವಕ್ಕೆ ನೇರ ಗೆರೆಯಲ್ಲಿ ಎಣಿಸಿದರೆ ಸುಮಾರು ನೂರು ಮೈಲಿ ದೂರದಲ್ಲಿರುವ ಬಳ್ಳಾರಿಯಲ್ಲಿ ಒಂದು ಪುಟ್ಟ ವಿಮಾನವು ಟಪಾಲಿನ ಚೀಲಗಳನ್ನು ಹೊತ್ತು ಇಳಿಯಿತು. ರಾತ್ರಿ ಅಲ್ಲಿಯೇ ತಂಗಿ ಮರುದಿನ ಮದರಾಸಿಗೆ ಹಾರಿಹೋಯಿತು. ಮುಂದೆ ಏರ್ ಇಂಡಿಯಾ ಎಂದು ಲೋಕಪ್ರಸಿದ್ಧವಾದ ಸಂಸ್ಥೆಯ ಮೊಟ್ಟಮೊದಲ ಪ್ರಯಾಣ ಅದು. ಆ ಪ್ರಯಾಣದ ಹಿಂದೆ ನಿಂತಿದ್ದ ತರುಣನೇ ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಉದ್ಯಮಪತಿಯೆಂದು ಅವರನ್ನು ಬಲ್ಲವರು ಬಹಳ. ವೈಮಾನಿಕನೆಂದು ಬಲ್ಲವರು ಕಡಿಮೆ. ಅವರ ಬಾಳಿನ ಈ ಮುಖವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜಹಾಂಗೀರರು ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್ಸಿನಲ್ಲಿ. ಟಾಟಾ ಉದ್ಯಮಗಳ ಮೂಲಪುರುಷ ಜಮಶೇಟಜಿ ಟಾಟಾ ಅವರು ಕಣ್ಣುಮುಚ್ಚಿದ ವರ್ಷವೂ ಅದೇ. ತಂದೆ ರತನ್‌ಜಿ ದಾದಾಭಾಯಿ ಅವರು ಜಮಶೇಟಜಿಯವರ ಸಂಬಂಧಿಗಳು, ಅವರ ಉದ್ಯಮದಲ್ಲಿ ಪಾಲುಗಾರರು. ತಾಯಿ ಸುಜಾನ್ ಬ್ರಿಯೇರ್ ಅವರು ಫ್ರೆಂಚ್ ಮಹಿಳೆ. ತಂದೆಯ ವ್ಯವಹಾರ ಹೋದಲ್ಲಿಗೆ ಸಂಸಾರವೂ ಹೋಗಬೇಕಾಗಿ, ಹುಡುಗನ ಓದು ಸ್ವಲ್ಪ ಫ್ರಾನ್ಸಿನಲ್ಲಿ, ಸ್ವಲ್ಪ ಮುಂಬಯಿಯಲ್ಲಿ, ಸ್ವಲ್ಪ ಜಪಾನಿನಲ್ಲಿ ನಡೆಯಿತು. ಮನೆಯ ಮಾತು ಫ್ರೆಂಚ್. ಒಂದು ಊರಿನಲ್ಲಿ ಬೇರು ಬಿಡುವಷ್ಟರಲ್ಲಿ ಇನ್ನೊಂದು ಊರಿಗೆ ಗಂಟು ಕಟ್ಟುವ ಬಾಲ್ಯ ಅದು.

ಆ ಬಾಲ್ಯದಲ್ಲಿ ಸ್ಥಿರವಾಗಿ ಉಳಿದ ನೆನಪು ಒಂದಿತ್ತು. ಫ್ರಾನ್ಸಿನ ಉತ್ತರ ತೀರದ ಹಾರ್ಡೆಲೋ ಎಂಬ ಕಡಲದಂಡೆಯಲ್ಲಿ ಟಾಟಾ ಸಂಸಾರಕ್ಕೆ ಬೇಸಿಗೆಯ ಮನೆ ಇತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದ ಲೂಯಿ ಬ್ಲೇರಿಯೋ ಅಲ್ಲಿ ಅವರ ನೆರೆಯವನು. ಬ್ಲೇರಿಯೋನ ವಿಮಾನ ಚಾಲಕ ಪೆಗೂ ಆಗಾಗ ಆ ಮರಳಿನ ಮೇಲೆ ವಿಮಾನ ಇಳಿಸುತ್ತಿದ್ದನು. ಮಕ್ಕಳು ಅದನ್ನು ನೋಡಲು ಓಡುತ್ತಿದ್ದರು. ಹದಿನೈದನೆಯ ವಯಸ್ಸಿನಲ್ಲಿ ಅದೇ ದಂಡೆಯಲ್ಲಿ ಜಹಾಂಗೀರರಿಗೆ ಮೊದಲ ಸಲ ವಿಮಾನ ಏರುವ ಸಂಧಿ ದೊರೆಯಿತು. ಕೆಲವು ನಿಮಿಷಗಳ ಆ ಸುತ್ತಾಟದಿಂದ ಇಳಿಯುವಾಗ, ತಾನೂ ಒಂದು ದಿನ ವಿಮಾನ ನಡೆಸಬೇಕೆಂಬ ಹಂಬಲ ಮನಸ್ಸಿನಲ್ಲಿ ಊರಿಬಿಟ್ಟಿತ್ತು.

ಆದರೆ ಹಂಬಲಿಸಿದ್ದೆಲ್ಲ ಕೂಡಲೇ ಕೈಗೂಡುವಂತಿರಲಿಲ್ಲ. 1923ರಲ್ಲಿ ತಾಯಿ ತೀರಿಕೊಂಡರು. ಕೇಂಬ್ರಿಜ್ಜಿನಲ್ಲಿ ಇಂಜಿನಿಯರಿಂಗ್ ಓದಬೇಕೆಂಬ ಆಸೆಯಿತ್ತು. 1925ರಲ್ಲಿ ತಂದೆ ಕರೆಸಿಕೊಂಡದ್ದರಿಂದ ಅದೂ ಕೈಬಿಟ್ಟುಹೋಯಿತು. ಮುಂಬಯಿಯ ಕಚೇರಿಯಲ್ಲಿ ಸಂಬಳವಿಲ್ಲದ ಉಮೇದುವಾರನಾಗಿ ಅವರು ಕೆಲಸ ಕಲಿಯತೊಡಗಿದರು. ಮರುವರ್ಷವೇ ತಂದೆಯೂ ಇಲ್ಲವಾದರು. ಇಪ್ಪತ್ತೆರಡರ ತರುಣನ ಮೇಲೆ ಮನೆಯ ಹೊಣೆ, ಸಾಲದ ಹೊಣೆ, ಉದ್ಯಮದ ಹೊಣೆ ಒಟ್ಟಿಗೆ ಬಿದ್ದವು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕೊರಗು ಅವರನ್ನು ಬಹುಕಾಲ ಕಾಡಿತು. ಆ ಕೊರತೆಯನ್ನು ಅವರು ರಾತ್ರಿ ಕುಳಿತು ಓದಿ ತುಂಬಿಕೊಂಡರು.

1928ರಲ್ಲಿ ಮುಂಬಯಿಯಲ್ಲಿ ವಿಮಾನ ಕಲಿಸುವ ಕ್ಲಬ್ಬು ತೆರೆದಾಗ ಜಹಾಂಗೀರರು ತಡಮಾಡದೆ ಸೇರಿದರು. ಕೆಲವೇ ಗಂಟೆಗಳ ಪಾಠದ ಮೇಲೆ ಒಬ್ಬರೇ ಹಾರುವಷ್ಟು ಪಳಗಿದರು. 1929ರ ಫೆಬ್ರುವರಿ 10ರಂದು ಅವರಿಗೆ ಪರವಾನಿಗೆ ಸಿಕ್ಕಿತು. ಭಾರತದಲ್ಲಿ ಕೊಟ್ಟ ವಿಮಾನ ಚಾಲಕರ ಪರವಾನಿಗೆಗಳಲ್ಲಿ ಅದರದು ಒಂದನೆಯ ನಂಬರು. ಅದೇ ವರ್ಷ ಅವರು ಫ್ರೆಂಚ್ ಪೌರತ್ವವನ್ನು ಬಿಟ್ಟುಕೊಟ್ಟರು. ಪ್ಯಾರಿಸ್ಸಿನಲ್ಲಿ ಹುಟ್ಟಿದವನು ಯಾವ ನೆಲವನ್ನು ತನ್ನದೆನ್ನಬೇಕೆಂಬ ಪ್ರಶ್ನೆಗೆ ಹೀಗೆ ತಾವಾಗಿಯೇ ಉತ್ತರ ಕಂಡುಕೊಂಡರು.

ಆಗ ಆಗಾಖಾನರು ಒಂದು ಪಂದ್ಯವನ್ನು ಸಾರಿದ್ದರು. ಇಂಗ್ಲಂಡ ಮತ್ತು ಭಾರತದ ನಡುವೆ ಒಬ್ಬನೇ ಹಾರಿ ಮೊದಲು ಗುರಿ ಮುಟ್ಟಿದ ಭಾರತೀಯನಿಗೆ 500 ಪೌಂಡು ಬಹುಮಾನ. 1930ರ ಮೇ ತಿಂಗಳಲ್ಲಿ ಜಹಾಂಗೀರರು ತಮ್ಮ ಜಿಪ್ಸಿ ಮಾತ್ ವಿಮಾನದಲ್ಲಿ ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ಹದಿನೇಳು ವರ್ಷದ ಹುಡುಗ ಇಂಗ್ಲಂಡಿನಿಂದ ಹೊರಟಿದ್ದನು. ಈಜಿಪ್ತದ ಅಬೂಕೀರ್ ನಿಲ್ದಾಣದಲ್ಲಿ ಇಬ್ಬರೂ ಎದುರಾದರು. ಆಸ್ಪಿಯ ಯಂತ್ರದ ಸ್ಪಾರ್ಕ್ ಪ್ಲಗ್ಗು ಕೆಟ್ಟು ಅವನು ಅಲ್ಲಿಯೇ ಸಿಕ್ಕಿಬಿದ್ದಿದ್ದನು. ಎದುರಾಳಿ ನಿಂತಲ್ಲಿಯೇ ನಿಂತರೆ ಗೆಲವು ತನ್ನದೆಂದು ಜಹಾಂಗೀರರಿಗೆ ತಿಳಿಯದೆ ಇರಲಿಲ್ಲ. ಆದರೂ ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗನ್ನು ಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಲ್ಲಿ ಪಂದ್ಯ ಗೆದ್ದನು. ಮುಂದೆ ಅದೇ ಹುಡುಗ ಭಾರತೀಯ ವಾಯುದಳವನ್ನು ಸೇರಿ 1960ರಲ್ಲಿ ಅದರ ಮುಖ್ಯಸ್ಥನಾದನು. ಸೋತವರು ಆ ಸೋಲಿಗಾಗಿ ಎಂದೂ ಹಳಹಳಿಸಲಿಲ್ಲ.

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕು. ಆ ಕಾಲದಲ್ಲಿ ವಿಮಾನ ಹಾರಿಸುವುದೆಂದರೆ ಬಹುತೇಕ ಶ್ರೀಮಂತರ ಶೋಕಿ, ಇಲ್ಲವೆ ಪ್ರಾಣದ ಹಂಗು ತೊರೆದವರ ಸಾಹಸ. ಜಗತ್ತಿನ ಬೇರೆ ಮೂಲೆಗಳಲ್ಲಿಯೂ ಹೀಗೆಯೇ ಇತ್ತು. ಉತ್ತರ ಅಮೆರಿಕದ ತುತ್ತತುದಿಯ ಅಲಾಸ್ಕಾದ ಬಹುಭಾಗದಲ್ಲಿ ರಸ್ತೆಯಿಲ್ಲ, ರೈಲಿಲ್ಲ. ಕಾಡು, ಕೆರೆ, ಹಿಮ. ಇಂದು ಅಲ್ಲಿಯ ಕೆರೆಗಳ ದಂಡೆಯಲ್ಲಿರುವ ಮೀನುಗಾರಿಕೆಯ ಬಿಡಾರಗಳಿಗೆ ಜನರು ಬೇಸಿಗೆಯಲ್ಲಿ ತೇಲುಗಟ್ಟೆ ಕಟ್ಟಿದ, ಚಳಿಗಾಲದಲ್ಲಿ ಹಿಮಜಾರುಪಟ್ಟಿ ಕಟ್ಟಿದ ಪುಟ್ಟ ವಿಮಾನಗಳಲ್ಲಿ ಹೋಗಿ ಇಳಿಯುತ್ತಾರೆ. ಈ ಹಾದಿಯನ್ನು ಮೊದಮೊದಲು ತೆರೆದವರಲ್ಲಿ ಕಾರ್ಲ್ ಬೆನ್ ಐಲ್ಸನ್ ಒಬ್ಬನು. 1924ರ ಫೆಬ್ರುವರಿಯಲ್ಲಿ ಅವನು ಫೇರ್‌ಬ್ಯಾಂಕ್ಸಿನಿಂದ ಮೆಗ್ರಾತ್ ಎಂಬ ಹಳ್ಳಿಗೆ ವಿಮಾನದಲ್ಲಿ ಟಪಾಲು ಒಯ್ದನು. ನಾಯಿಗಳು ಎಳೆಯುವ ಬಂಡಿಗೆ ಎರಡು ಮೂರು ವಾರ ಹಿಡಿಯುತ್ತಿದ್ದ ದಾರಿಯನ್ನು ಮೂರು ಗಂಟೆಯೊಳಗೆ ಮುಗಿಸಿದನು. ಆದರೆ ಇಳಿಯುವ ನೆಲ ಸರಿಯಿಲ್ಲದೆ ಕೆಲವು ಅಪಘಾತಗಳಾಗಿ, ಸರಕಾರ ಆ ಒಪ್ಪಂದವನ್ನು ನಿಲ್ಲಿಸಿತು. 1929ರಲ್ಲಿ ಹಿಮದಲ್ಲಿ ಸಿಕ್ಕಿಬಿದ್ದ ಹಡಗಿನ ಜನರ ನೆರವಿಗೆ ಹೋದ ಐಲ್ಸನ್ ಸೈಬೀರಿಯದ ತೀರದಲ್ಲಿ ಪ್ರಾಣ ಕಳೆದುಕೊಂಡನು. ಧೈರ್ಯಕ್ಕೆ ಅವನಲ್ಲಿ ಕೊರತೆಯಿರಲಿಲ್ಲ. ಆದರೆ ಒಬ್ಬನ ಧೈರ್ಯದ ಮೇಲೆ ಊರಿನ ಟಪಾಲು ವಾರವಾರವೂ ನಡೆಯಲಾರದು. ಅದಕ್ಕೆ ನೆಲದ ಮೇಲೆ ಒಂದು ವ್ಯವಸ್ಥೆ ಬೇಕು. ಜಹಾಂಗೀರರ ಬಾಳಿನ ಮುಂದಿನ ಅಧ್ಯಾಯ ಈ ವ್ಯವಸ್ಥೆಯದೇ ಆಗಿದೆ.

ಆ ಯೋಜನೆಯನ್ನು ಹೊತ್ತು ಬಂದವನು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುದಳದಲ್ಲಿದ್ದು ಬಿಟ್ಟವನು. ಭಾರತದ ಊರೂರುಗಳಲ್ಲಿ ಜನರನ್ನು ವಿಮಾನದಲ್ಲಿ ಕೂಡಿಸಿ ಸುತ್ತಾಡಿಸಿದವನು. ದೇಶದ ಬಯಲು, ಬೆಟ್ಟ, ಗಾಳಿಗಳನ್ನು ಮೇಲಿನಿಂದ ಕಂಡು ಬಲ್ಲವನು. 1929ರಿಂದ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಲಂಡನ್ನಿನ ಟಪಾಲನ್ನು ಕರಾಚಿಯವರೆಗೆ ತರುತ್ತಿದ್ದವು. ಅಲ್ಲಿಂದ ದಕ್ಷಿಣಕ್ಕೆ ಅದು ಮತ್ತೆ ನೆಲದ ವೇಗದಲ್ಲಿಯೇ ಸಾಗಬೇಕು. ಕರಾಚಿಯಿಂದ ಅಹಮದಾಬಾದ, ಮುಂಬಯಿ, ಬಳ್ಳಾರಿಗಳ ಮೇಲೆ ಮದರಾಸಿನವರೆಗೆ ಸುಮಾರು 1,300 ಮೈಲಿಯ ವಿಮಾನದ ಹಾದಿ ಮಾಡಬೇಕೆಂಬುದು ವಿನ್ಸೆಂಟನ ಯೋಚನೆ. ಜಹಾಂಗೀರರಿಗೆ ಅದು ಕೂಡಲೇ ಹಿಡಿಸಿತು. ಟಾಟಾ ಸಂಸ್ಥೆಯ ಹಿರಿಯ ಅಧಿಕಾರಿ ಜಾನ್ ಪೀಟರ್ಸನ್ನರು ಅಧ್ಯಕ್ಷ ಸರ್ ದೋರಾಬಜಿ ಟಾಟಾ ಅವರ ಮನವೊಲಿಸಿದರು. ಎರಡು ಲಕ್ಷ ರೂಪಾಯಿ ಹಾಕಲು ಒಪ್ಪಿಗೆ ಬಂದಿತು.

ಸರಕಾರದ ಒಪ್ಪಿಗೆ ಮಾತ್ರ ಅಷ್ಟು ಸುಲಭವಾಗಿ ಬರಲಿಲ್ಲ. ಮೂರು ವರ್ಷ ಕಾಗದಪತ್ರಗಳು ಓಡಾಡಿದವು. ಸಹಾಯಧನ ಕೊಡೆವು ಎಂದಿತು ಸರಕಾರ. ಕಡೆಗೆ ಸಹಾಯಧನದ ಮಾತನ್ನೇ ಬಿಟ್ಟು, ಒಯ್ದ ಟಪಾಲಿನ ತೂಕಕ್ಕೆ ತಕ್ಕ ಹಣ ಮಾತ್ರ ಸಾಕೆಂದು ಟಾಟಾ ಸಂಸ್ಥೆ ಒಪ್ಪಿತು. 1932ರ ಏಪ್ರಿಲ್ ತಿಂಗಳಲ್ಲಿ ಕರಾರು ಆಯಿತು. ಆರಂಭವನ್ನು ನೋಡುವ ಭಾಗ್ಯ ದೋರಾಬಜಿಯವರಿಗಿರಲಿಲ್ಲ. ಜೂನ್ ತಿಂಗಳಲ್ಲಿ ಅವರು ತೀರಿಕೊಂಡರು.

ಹೊಸ ಸಂಸ್ಥೆಯ ಬಂಡವಾಳವನ್ನು ಇಂದು ನೆನೆದರೆ ನಗು ಬಂದೀತು. ಪಸ್ ಮಾತ್ ಎಂಬ ಒಂದೇ ಯಂತ್ರದ ಎರಡು ಪುಟ್ಟ ವಿಮಾನಗಳು. ಚಾಲಕನ ಹೊರತು ಇಬ್ಬರು ಕೂಡಬಹುದಾದಷ್ಟು ಜಾಗ. ವೇಗ ಗಂಟೆಗೆ ಸುಮಾರು ನೂರು ಮೈಲಿ. ಕೆಲವೇ ಮಂದಿ ಚಾಲಕರು, ಬೆರಳೆಣಿಕೆಯ ಮಿಸ್ತ್ರಿಗಳು. ಜುಹುವಿನ ಕಡಲ ಬದಿಯ ಮಣ್ಣಿನ ಬಯಲೇ ವಿಮಾನ ನಿಲ್ದಾಣ, ಒಂದು ಗರಿಯ ಗುಡಿಸಲೇ ಕಚೇರಿ. ಮಳೆಗಾಲದಲ್ಲಿ ಆ ಬಯಲಿನಲ್ಲಿ ನೀರು ನಿಂತಾಗ ಬಿಡಾರ ಪುಣೆಗೆ ಸಾಗಬೇಕು. ವಿಮಾನದಲ್ಲಿ ರೇಡಿಯೋ ಇಲ್ಲ. ದಾರಿ ತೋರುವ ಯಾವ ಸಾಧನವೂ ನೆಲದ ಮೇಲಿಲ್ಲ. ಮಡಿಲಲ್ಲಿ ನಕಾಶೆ, ಎದುರಿಗೆ ದಿಕ್ಸೂಚಿ, ಕೆಳಗೆ ರೈಲುಹಳಿ ಮತ್ತು ಹೊಳೆ. ಚಾಲಕನಿಗೆ ಇವೇ ಸಂಗಾತಿಗಳು.

ಅಕ್ಟೋಬರ 15ರ ಬೆಳಗು ಆರೂವರೆಯ ಸುಮಾರಿಗೆ ಜಹಾಂಗೀರರು ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಒಬ್ಬರೇ ಹೊರಟರು. ಅಹಮದಾಬಾದದಲ್ಲಿ ಇಳಿದಾಗ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ. ನೂರು ಮೈಲಿ ವೇಗದ ವಿಮಾನಕ್ಕೆ ಎರಡು ಮೈಲಿ ವೇಗದ ಎತ್ತುಗಳು ಉಣಿಸಿದ ಆ ದೃಶ್ಯ ಅಂದಿನ ಭಾರತವನ್ನು ಇಡಿಯಾಗಿ ಹೇಳುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ವಿಮಾನ ಜುಹುವಿನಲ್ಲಿ ಇಳಿಯಿತು. ಅಲ್ಲಿಂದ ಮುಂದಿನ ಹಾದಿ ವಿನ್ಸೆಂಟನದು.

ನಮಗೆ ಹತ್ತಿರದ ಹಾದಿಯೂ ಅದೇ. ನಕಾಶೆಯ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ಒಂದು ಗೆರೆ ಎಳೆದು ನೋಡಿರಿ. ಅದು ಸುಮಾರು 380 ಮೈಲಿಯಾಗುತ್ತದೆ. ಸಹ್ಯಾದ್ರಿಯನ್ನು ದಾಟಿ, ಕೃಷ್ಣೆಯನ್ನು ಹಾಯ್ದು, ಬಾಗಲಕೋಟೆಯ ಸೀಮೆಯ ಎರೆಹೊಲಗಳ ಮೇಲೆ ಸಾಗಿ, ನಮ್ಮ ರಾಣೇಬೆನ್ನೂರು ತಾಲೂಕನ್ನು ಸವರಿ ಹೋಗುವ ಅದೇ ತುಂಗಭದ್ರೆಯನ್ನು ಕೆಳಗಡೆ ದಾಟುತ್ತದೆ. ಮುಂಬಯಿ ಬಿಡುವಾಗಲೇ ಮಧ್ಯಾಹ್ನ ಮೀರಿದ್ದರಿಂದ ಬಳ್ಳಾರಿ ಮುಟ್ಟುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಕತ್ತಲಲ್ಲಿ ಹಾರುವ ಸೌಕರ್ಯವಿಲ್ಲದ ವಿಮಾನಕ್ಕೆ ನಡುವೆ ಒಂದು ತಂಗುದಾಣ ಬೇಕೇ ಬೇಕು. ಬಳ್ಳಾರಿಗೆ ಆ ಯೋಗ ಬಂದದ್ದು ಈ ಕಾರಣದಿಂದ. ಅಂದು ಹಾವೇರಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಒಂದೇ ಮಾತನ್ನಾಡುವ ಜನ ಬೇರೆ ಬೇರೆ ಸರಕಾರಗಳ ಕೆಳಗೆ ಹಂಚಿಹೋಗಿದ್ದರು. 1953ರಲ್ಲಿ ಬಳ್ಳಾರಿ, 1956ರಲ್ಲಿ ಧಾರವಾಡ ಸೀಮೆ ಮೈಸೂರು ರಾಜ್ಯವನ್ನು ಕೂಡಿದ ಮೇಲೆಯೇ ಆ ಗೆರೆ ಅಳಿಯಿತು. ಟಪಾಲಿನ ವಿಮಾನಕ್ಕೆ ಈ ಗೆರೆ ಮೊದಲಿನಿಂದಲೂ ಕಾಣಿಸಿರಲಿಲ್ಲ.

ಮೊದಲ ಪ್ರಯಾಣದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಜಹಾಂಗೀರರ ನಿಜವಾದ ಹಿರಿಮೆ ಅದರ ಮುಂದಿನ ಐವತ್ತೆರಡು ವಾರಗಳಲ್ಲಿದೆ ಎಂದು ನನಗೆ ತೋರುತ್ತದೆ. ವಾರಕ್ಕೊಮ್ಮೆ ನಡೆಯುವ ಆ ಟಪಾಲು ಸೇವೆ ಮಳೆಗಾಲವೆಂದು ನಿಲ್ಲಲಿಲ್ಲ, ಮೋಡವೆಂದು ತಪ್ಪಲಿಲ್ಲ. ಒಂದು ವರ್ಷ ಮುಗಿದಾಗ ಹೊತ್ತಿಗೆ ಸರಿಯಾಗಿ ಮುಟ್ಟದ ಟಪಾಲು ಒಂದೂ ಇರಲಿಲ್ಲ. ಸರಕಾರದ ವಿಮಾನಯಾನ ಇಲಾಖೆಯ ವರದಿಯೂ ಇದನ್ನು ಮನಸಾರೆ ಮೆಚ್ಚಿತು. ಆ ವರ್ಷದಲ್ಲಿ ವಿಮಾನಗಳು ಕ್ರಮಿಸಿದ ದೂರ 1,60,000 ಮೈಲಿ, ಹೊತ್ತ ಟಪಾಲು ಸುಮಾರು ಹತ್ತು ಟನ್ನು, ಪ್ರಯಾಣಿಕರು 155, ಬಂದ ಲಾಭ 60,000 ರೂಪಾಯಿ. ಒಮ್ಮೆ ಹಾರಿ ಹೂಮಾಲೆ ಹಾಕಿಸಿಕೊಳ್ಳುವುದು ಒಂದು ಬಗೆ. ಯಾರೂ ನೋಡದ ವಾರದಲ್ಲಿಯೂ ಯಂತ್ರ ಒರೆಸಿ, ಎಣ್ಣೆ ನೋಡಿ, ಹೊತ್ತಿಗೆ ಹೊರಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಹೆಸರು ಕಡಿಮೆ, ದುಡಿತ ಹೆಚ್ಚು. ಜನರ ನಂಬಿಗೆ ಹುಟ್ಟುವುದು ಮಾತ್ರ ಅದರಿಂದಲೇ.

ಈ ಸೇವೆಯಿಂದ ಯಾರಿಗೆ ಉಪಯೋಗವಾಯಿತೆಂದು ಕೇಳುವುದೂ ನ್ಯಾಯವೇ. ಅಂದಿನ ವಿಮಾನದ ಟಪಾಲು ದೊಡ್ಡ ವ್ಯಾಪಾರಿಗಳದು, ಬ್ಯಾಂಕುಗಳದು, ಅಧಿಕಾರಿಗಳದು. ಬಳ್ಳಾರಿಯ ಬಯಲಿನಲ್ಲಿ ಇಳಿದ ವಿಮಾನವನ್ನು ದನ ಕಾಯುವ ಹುಡುಗ ಬೆರಗಾಗಿ ನೋಡಿರಬಹುದು. ಆದರೆ ಅವನ ಮನೆಗೆ ಬರುವ ಪತ್ರ ಅದರಲ್ಲಿರಲಿಲ್ಲ. ಕೆಲ ಕಾಲದ ಮೇಲೆ ಹಾದಿ ಬದಲಾಗಿ, ಬಳ್ಳಾರಿಯ ಬದಲು ಹೈದರಾಬಾದ ತಂಗುದಾಣವಾಯಿತು. 1935ರಲ್ಲಿ ಮುಂಬಯಿಯಿಂದ ಗೋವೆ, ಕಣ್ಣಾನೂರುಗಳ ಮೇಲೆ ತಿರುವನಂತಪುರಕ್ಕೆ ಹೊಸ ಹಾದಿ ತೆರೆಯಿತು. ಹೀಗೆ ಪೂರ್ವದಲ್ಲಿ ಒಂದು, ಪಶ್ಚಿಮದ ಕಡಲ ಮೇಲೆ ಒಂದು ಹಾದಿಯಾಗಿ, ನಡುವಿನ ನಮ್ಮ ಊರುಗಳು ರೈಲನ್ನೇ ನಂಬಿ ಉಳಿದವು. ಹೊಸ ವಿದ್ಯೆಯ ಫಲ ದೊಡ್ಡ ಊರಿನಿಂದ ಸಣ್ಣ ಊರಿಗೆ ಇಳಿದು ಬರಲು ಒಂದೆರಡು ತಲೆಮಾರೇ ಬೇಕಾಗುತ್ತದೆ. ಜಹಾಂಗೀರರನ್ನು ಹೊಗಳುವಾಗ ಇದನ್ನು ಮರೆಯಬಾರದು.

1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಟಾಟಾ ಸಂಸ್ಥೆಗಳ ಅಧ್ಯಕ್ಷರಾದರು. ಉಕ್ಕು, ವಿದ್ಯುತ್ತು, ಬಟ್ಟೆ, ರಸಾಯನ ಎಲ್ಲದರ ಭಾರ ಹೆಗಲಿಗೆ ಬಂದರೂ ವಿಮಾನದ ಕೆಲಸವನ್ನು ಅವರು ಬಿಡಲಿಲ್ಲ. 1942ರ ಆರಂಭದಲ್ಲಿ ದೊಡ್ಡ ಪೆಟ್ಟೊಂದು ಬಿದ್ದಿತು. ಇಂಗ್ಲಂಡಿನಿಂದ ಭಾರತಕ್ಕೆ ಮರಳುತ್ತಿದ್ದ ವಿನ್ಸೆಂಟನ ವಿಮಾನ ಯುದ್ಧದ ಬೆಂಕಿಗೆ ಸಿಕ್ಕಿ ಕಡಲ ಪಾಲಾಯಿತು. ಬಳ್ಳಾರಿಯ ಹಾದಿಯನ್ನು ತುಳಿದ ಗೆಳೆಯ ಇಲ್ಲವಾದನು. ಯುದ್ಧ ಮುಗಿದ ಮೇಲೆ 1946ರಲ್ಲಿ ಸಂಸ್ಥೆ ಏರ್ ಇಂಡಿಯಾ ಎಂಬ ಹೆಸರು ತಾಳಿತು. 1948ರ ಜೂನ್ 8ರ ರಾತ್ರಿ ಮಲಬಾರ ಪ್ರಿನ್ಸೆಸ್ ಎಂಬ ದೊಡ್ಡ ವಿಮಾನ ಮುಂಬಯಿಯಿಂದ ಕೈರೋ, ಜಿನೀವಾಗಳ ಮೇಲೆ ಲಂಡನ್ನಿಗೆ ಹೊರಟಿತು. ಹದಿನಾರು ವರ್ಷಗಳ ಹಿಂದೆ ಲಂಡನ್ನಿನ ಟಪಾಲಿಗಾಗಿ ಕರಾಚಿಯಲ್ಲಿ ಕಾದು ನಿಂತಿದ್ದ ಸಂಸ್ಥೆ ಈಗ ತಾನೇ ಲಂಡನ್ನಿಗೆ ಹೋಯಿತು.

1953ರಲ್ಲಿ ಸರಕಾರ ವಿಮಾನ ಸಂಸ್ಥೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಜಹಾಂಗೀರರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಆದರೂ ವಿದೇಶಗಳಿಗೆ ಹಾರುವ ಏರ್ ಇಂಡಿಯಾದ ಅಧ್ಯಕ್ಷತೆಯನ್ನು ವಹಿಸಬೇಕೆಂದು ಸರಕಾರ ಕೇಳಿದಾಗ ಮುಖ ತಿರುಗಿಸದೆ ಒಪ್ಪಿದರು. ಸಂಬಳ ಮುಟ್ಟದೆ ಇಪ್ಪತ್ತೈದು ವರ್ಷ ದುಡಿದರು. ವಿಮಾನ ಏರಿದರೆ ಪ್ರಯಾಣಿಕನಂತೆ ಸುಮ್ಮನೆ ಕೂಡುವವರಲ್ಲ. ಪರದೆಯ ಬಣ್ಣ, ಕಾಫಿಯ ರುಚಿ, ಶೌಚಗೃಹದ ಶುಚಿ, ಆಸನದ ಒರಗು, ಎಲ್ಲವನ್ನೂ ನೋಡಿ ಟಿಪ್ಪಣಿ ಬರೆದು ಅಧಿಕಾರಿಗಳಿಗೆ ಕಳಿಸುತ್ತಿದ್ದರು. ಕೆಲವರಿಗೆ ಇದು ಕಿರಿಕಿರಿಯೆನಿಸಿದ್ದುಂಟು. ಆದರೆ ಪಸ್ ಮಾತಿನ ಒಂದೊಂದು ಕೀಲನ್ನು ಕೈಯಾರೆ ನೋಡಿಕೊಂಡು ಹಾರಿದವರಿಗೆ ಸಣ್ಣ ಕೆಲಸ, ದೊಡ್ಡ ಕೆಲಸ ಎಂಬ ಭೇದವಿರಲಿಲ್ಲ.

ಇಂಥವರಿಗೂ ಕಹಿ ದಿನ ತಪ್ಪಲಿಲ್ಲ. 1978ರ ಜನವರಿ 1ರಂದು ಏರ್ ಇಂಡಿಯಾದ ಜಂಬೋ ವಿಮಾನ ಮುಂಬಯಿಯ ಕಡಲಲ್ಲಿ ಬಿದ್ದು 213 ಜನ ಸತ್ತರು. ಮರುತಿಂಗಳೇ ಮೊರಾರಜಿ ದೇಸಾಯಿಯವರ ಸರಕಾರ ಅವರನ್ನು ಅಧ್ಯಕ್ಷಪದವಿಯಿಂದ ಬಿಡಿಸಿತು. ಆ ಸುದ್ದಿ ಅವರಿಗೆ ತಿಳಿದದ್ದು ಬೇರೆಯವರ ಬಾಯಿಂದ. ಟಪಾಲು ಹೊತ್ತಿಗೆ ಮುಟ್ಟಿಸುವುದನ್ನೇ ವ್ರತವಾಗಿ ಹಿಡಿದವರಿಗೆ ಸ್ವಂತದ ಸುದ್ದಿಯೇ ಹೊತ್ತಿಗೆ ಮುಟ್ಟಲಿಲ್ಲ. 1980ರಲ್ಲಿ ಮುಂದಿನ ಸರಕಾರ ಅವರನ್ನು ಮತ್ತೆ ಆಡಳಿತ ಮಂಡಳಿಗೆ ಕರೆಯಿತು. ಕಹಿಯನ್ನು ನುಂಗಿಕೊಂಡು ಹೋದರು.

ಕನ್ನಡನಾಡಿನ ವಿದ್ಯಾರ್ಥಿಗಳು ಅವರನ್ನು ನೆನೆಯಲು ಇನ್ನೂ ಕಾರಣಗಳಿವೆ. ಹೋಮಿ ಭಾಭಾ ಅವರಿಗೆ ಜಹಾಂಗೀರರು ನೀಡಿದ ಬೆಂಬಲದಿಂದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು 1945ರಲ್ಲಿ ಮೊದಲು ಮೊಳೆತದ್ದು ಬೆಂಗಳೂರಿನ ವಿಜ್ಞಾನ ಮಂದಿರದ ಆವರಣದಲ್ಲಿ. 1988ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕಲ್ಪನೆಯೂ ಅವರದೇ. ಪದವಿ ಪಡೆಯದ ಮನುಷ್ಯ ಪದವೀಧರರಿಗೆ ಮನೆ ಕಟ್ಟಿಕೊಟ್ಟರು.

1982ರ ಅಕ್ಟೋಬರ 15ರಂದು, ಟಪಾಲು ಸೇವೆಗೆ ಐವತ್ತು ವರ್ಷ ತುಂಬಿದ ದಿನ, ಎಪ್ಪತ್ತೆಂಟು ವರ್ಷದ ಜಹಾಂಗೀರರು ಲೆಪರ್ಡ್ ಮಾತ್ ಎಂಬ ಹಳೆಯ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದದ ಮೇಲೆ ಜುಹುವಿಗೆ ಮತ್ತೆ ಒಬ್ಬರೇ ಹಾರಿ ಬಂದರು. ನಡುವೆ ಕರಾಚಿ ಬೇರೆ ದೇಶವಾಗಿಹೋಗಿತ್ತು; ಎತ್ತಿನ ಗಾಡಿಯ ಪೆಟ್ರೋಲ್ ಕಥೆಯಾಗಿತ್ತು. ತರುಣರಲ್ಲಿ ಸಾಹಸದ ಕಿಚ್ಚು ಆರದಿರಲೆಂಬುದೇ ಆ ಹಾರಾಟದ ಉದ್ದೇಶ. 1992ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. 1993ರ ನವೆಂಬರ 29ರಂದು ಜಿನೀವಾದಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟಿದ ಪ್ಯಾರಿಸ್ಸಿನಲ್ಲಿಯೇ ಅವರ ಸಮಾಧಿಯಿದೆ. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಂಸ್ಥೆಗೆ ಮರಳಿ ಬಂದಾಗ ಅದನ್ನು ನೋಡಲು ಅವರಿರಲಿಲ್ಲ.

ಜಹಾಂಗೀರರು ಶ್ರೀಮಂತರ ಮನೆಯಲ್ಲಿ ಹುಟ್ಟಿದವರು. ವಿಮಾನ ಕೊಳ್ಳುವ ಅನುಕೂಲ ಅವರಿಗಿತ್ತು, ನಮ್ಮಲ್ಲಿ ಬಹಳ ಜನರಿಗೆ ಬಸ್ಸಿನ ಪಾಸೇ ದೊಡ್ಡದು. ಆದ್ದರಿಂದ ಅವರ ಬಾಳನ್ನು ಹಾಗೆಯೇ ಅನುಕರಿಸಿರೆಂದು ಯಾರೂ ಹೇಳಲಾರರು. ಆದರೆ ಅವರಲ್ಲಿ ಹಣದಿಂದ ಬಾರದ ಎರಡು ಗುಣಗಳಿದ್ದವು. ಗೆಲ್ಲುವ ಹೊತ್ತಿನಲ್ಲಿ ಎದುರಾಳಿಗೆ ಪ್ಲಗ್ಗು ಕೊಡುವ ಮನಸ್ಸು ಒಂದು. ಚಪ್ಪಾಳೆ ನಿಂತ ಮೇಲೆಯೂ ಐವತ್ತೆರಡು ವಾರ ಹೊತ್ತು ತಪ್ಪದೆ ದುಡಿಯುವ ನೇಮ ಇನ್ನೊಂದು. ಇವೆರಡಕ್ಕೂ ಪರವಾನಿಗೆ ಬೇಕಾಗಿಲ್ಲ, ಬಂಡವಾಳವೂ ಬೇಕಾಗಿಲ್ಲ. ಹಾವೇರಿಯ ಹುಡುಗನಿಗೂ ರಾಣೇಬೆನ್ನೂರಿನ ಹುಡುಗಿಗೂ ಇವು ಎಟುಕುವಂಥವೇ ಆಗಿವೆ.